ನೀರುಗಂಟಿಯ ಎದೆ

ಸೋಪು ಹಚ್ಚಿ ತಿರುವಿದರೂ ಬೆಳ್ಳಿಯುಂಗುರ ಸಣ್ಣಬೀರಯ್ಯನ ಬೆರಳು ಬಿಡಲಿಲ್ಲ. ಅಣ್ಣ ದೊಡ್ಡಬೀರಯ್ಯ ಬೆವರು ಒರೆಸಿಕೊಂಡು ಮತ್ತೆ ಎಳೆದ. ಹೆಣದ ಮೇಲೆ ಲೋಹದ ಚೂರಿದ್ದರೂ ಜೀವ ಮಣ್ಣು ದಾಟಿ ಹೋಗುವುದಿಲ್ಲವೆಂದು ಅವರ ಮನೆತನದ ನಂಬಿಕೆ. ಉಂಗುರ ಕೊನೆಗೂ ಬಂತು.

"ಆಯ್ತು, ಎತ್ರಲಾ."

"ಎದೆ ಒಳ್ಗಿರೋ ಸ್ಪ್ರಿಂಗು?" ಎಂದು ಯಾರೋ ಕೇಳಿಯೇಬಿಟ್ಟರು. ಊರೆಂದ ಮೇಲೆ ಇಂಥದ್ದೊಂದು ಬಾಯಿ ಇದ್ದೇ ಇರುತ್ತದೆ.

ದೊಡ್ಡಬೀರಯ್ಯ ನಿಂತ. "ಅಂಗಾರೆ ಮಣ್ಣು ಮಾಡಂಗಿಲ್ಲ. ಸುಟ್ಟು, ಬೂದೀಲಿ ಅದ್ನ ಆಯ್ದು ಬಿಸಾಕಿ, ಬೂದಿ ಹೊಳೆಗೆ ಬುಡಾನ."

ಗಂಡನ ತಲೆಯ ಬಳಿ ಕೂತಿದ್ದ ರಾಚಮ್ಮ ಎದ್ದಳು. "ಅವ್ವನ ಪಕ್ಕ ಮಣ್ಣು ಮಾಡಿ ಅಂತ ಒಂದೇ ಮಾತು ಕೇಳಿದ್ರು ಭಾವ. ಅದ್ನೂ ಕಿತ್ಕೊಬ್ಯಾಡಿ."

\*\*\*

ಐದು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯಲ್ಲಿ, ಸಣ್ಣಬೀರಯ್ಯನ ಹೃದಯದ ಕಟ್ಟಿಕೊಂಡ ರಕ್ತನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ಲೋಹದ ಬಲೆ ಕೂರಿಸಿ ಡಾಕ್ಟರು ಹೇಳಿದ್ದರು: "ಇದು ಹೊಸ ಲೋಹ. ಒಳಗೆ ಹೇಗೆ ಬಾಳುತ್ತೆ ಅಂತ ವರ್ಷಾವರ್ಷ ಚಿತ್ರ ತೆಗೆದು ನೋಡಬೇಕು. ಬರ್ತೀರಾ?"

"ಬತ್ತೀನಿ ಬುಡಿ."

ಜೊತೆಗೆ ಹಾಕಿಸಿಕೊಂಡ ಹಲವರು ನೋವು ಹೋದ ಮೇಲೆ ಅತ್ತ ತಲೆ ಹಾಕಲಿಲ್ಲ. ನುಗು ನಾಲೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಸಣ್ಣಬೀರಯ್ಯ ಮಾತ್ರ ಇಸ್ತ್ರಿ ಅಂಗಿ ತೊಟ್ಟು ಸರಗೂರಿನಲ್ಲಿ ಬಸ್ಸು ಹತ್ತುತ್ತಿದ್ದ.

"ಗುಂಡುಕಲ್ಲಿನಂಗಿರೋನಿಗೆ ಯಾಕ್ಲಾ ಆಸ್ಪತ್ರೆ?" ಎಂದು ಅಣ್ಣ ರೇಗಿಸಿದರೆ, "ನನ್ನೆದೆಗೆ ತೂಬಿಟ್ಟವ್ರೆ ಕಣಣ್ಣ. ನೀರು ಸಲೀಸಾಗಿ ಓಯ್ತಾ ಅಂತ ನೋಡ್ಬ್ಯಾಡ್ವಾ?" ಅನ್ನುತ್ತಿದ್ದ. ಪರದೆಯ ಮೇಲೆ ರಕ್ತ ತಡೆಯಿಲ್ಲದೆ ಹರಿದದ್ದನ್ನು ಊರಿಗೆಲ್ಲ ಹೇಳುತ್ತಿದ್ದ. ಆ ನಾಲೆಯನ್ನು ತಾನೇ ತೋಡಿದವನ ಹಾಗೆ ಆಗ ಮುಖ ಅರಳುತ್ತಿತ್ತು.

\*\*\*

"ಆ ಎದೆ ಕೊನೇವರ್ಗೂ ಕೈಕೊಡ್ಲಿಲ್ಲ. ಜೀವ ಹೋಗಿದ್ದು ಹಾವು ಕಚ್ಚಿ," ಎಂದಳು ರಾಚಮ್ಮ. ಅವಳ ದನಿಯಲ್ಲಿ ಅಳುವಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಹಿಂದೆ ನಿಂತಿದ್ದ ಅಪರಿಚಿತನೊಬ್ಬ ಮುಂದೆ ಬಂದ. "ನಾನು ಎನ್. ಬೇಗೂರಿನ ನಂಜಣ್ಣ. ಇವ್ರಂತೋರು ಬುಡದೆ ಬಂದು ಎದೆ ತೋರ್ಸಿದ್ಕೇ ಡಾಕ್ಟ್ರು ಆ ಲೋಹ ನಂಬಿ ನನ್ಗೂ ಹಾಕಿದ್ರು. ಅವತ್ತು ಆಸ್ಪತ್ರೇಲಿ ಹೆದರಿ ಎದ್ದು ಓಡೋಗ್ತಿದ್ದೆ, ಇವ್ರೇ ಕೈ ಹಿಡಿದು ಕೂರ್ಸಿದ್ರು. ಅದು ದೋಷ ಅಂದ್ರೆ ನನ್ನೆದೇಲೂ ಐತೆ ಯಜಮಾನ್ರೇ."

ದೊಡ್ಡಬೀರಯ್ಯ ತಮ್ಮನ ಎದೆಯ ಮೇಲೆ ಅಂಗೈಯಿಟ್ಟ. ರೇಗಿಸಿದ್ದೆಲ್ಲ ನೆನಪಾಯಿತು. "ಇನ್ನೊಬ್ರ ಜೀವ ಉಳ್ಸಿದ ಲೋಹ ಇವನ ಜೀವಕ್ಕೆ ಅಡ್ಡ ಬತ್ತದಾ? ನಡೀರಿ, ಅವ್ವನ ಪಕ್ಕಕ್ಕೇ."

ನಾಲೆ ಏರಿಯ ಕೆಳಗೆ, ತಾಯಿಯ ಗುಡ್ಡೆಯ ಪಕ್ಕದಲ್ಲಿ ಹೆಣ ಇಳಿಸಿದರು. ಮನೆಯವರು ಮಣ್ಣು ಹಾಕಿ ಮುಗಿಸುತ್ತಲೇ ದೊಡ್ಡಬೀರಯ್ಯ ಹಿಡಿ ಮಣ್ಣು ತೆಗೆದು ನಂಜಣ್ಣನ ಕೈಗಿಟ್ಟ. ನಂಜಣ್ಣ ಬಾಗಿ ಬಲಗೈಯಿಂದ ಮಣ್ಣು ಬಿಟ್ಟ. ಎಡಗೈ ತನ್ನ ಎದೆಯನ್ನು ಮುಚ್ಚಿಕೊಂಡಿತ್ತು.