ದಾಸ್ತಾನಿನಲ್ಲಿಲ್ಲದ ಔಷಧಿ

ಆಸ್ಪತ್ರೆಯ ಔಷಧಿ ವಿಭಾಗದ ಸರ್ವರ್ ಎಂಟು ದಿನಗಳಿಂದ ಮಧ್ಯಾಹ್ನ ಎರಡಾಯಿತೆಂದರೆ ಮಕಾಡೆ ಮಲಗುತ್ತಿತ್ತು. ಕೌಂಟರಿನ ಪರದೆಗಳೆಲ್ಲ ಕಪ್ಪು. ಚೀಟಿ ಹಿಡಿದ ರೋಗಿಗಳು ಕಾಲು ಬದಲಿಸುತ್ತಾ ನಿಲ್ಲಬೇಕು. ಅದನ್ನು ನೋಡಿಕೊಳ್ಳುವ ಸೊಸೆಗೆ ಮೇಲಧಿಕಾರಿ ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದರು: "ಇವತ್ತೂ ಬಿದ್ರೆ ನಾಳೆಯಿಂದ ಬೇರೆಯವ್ರು ನೋಡ್ಕೋತಾರಮ್ಮ."

ಸೊಸೆ ಅಂದೆನಲ್ಲ, ಆ ಕೌಂಟರಿನವರದೇ ಸೊಸೆ. ಬೆಳಗಿನ ಪಾಳಿ ಅತ್ತೆಯದು, ಮಧ್ಯಾಹ್ನದ್ದು ಮಾವನದು. ತಮ್ಮ ಹೊಲಿಗೆ ಯಂತ್ರವನ್ನು ಮಾವ ಕೇಳದೆ ಯಾರಿಗೋ ಕೊಟ್ಟುಬಿಟ್ಟರೆಂದು ಅತ್ತೆ ಅವರೊಡನೆ ಮಾತು ಬಿಟ್ಟು ಮೂರು ವಾರ. ಮನೆಯಲ್ಲಿ ಉಪ್ಪು ಬೇಕೆಂದರೂ ಸೊಸೆಯೇ ರಾಯಭಾರಿ.

ಕೆದಕಿದಾಗ ಕಾರಣ ಸಿಕ್ಕಿತು. ಪರದೆಯಿಂದ ಮೇಲೆ ಸರಿದು ಮರೆಯಾದ ಸಾಲುಗಳನ್ನೆಲ್ಲ ಇವರ ಕೌಂಟರಿನ ಟರ್ಮಿನಲ್ಲು ಬಫರಿನಲ್ಲಿ, ಅಂದರೆ ಸರ್ವರಿನ ತಾತ್ಕಾಲಿಕ ನೆನಪಿನಲ್ಲಿ, ಗುಡ್ಡೆ ಹಾಕಿಕೊಂಡಿತ್ತು. ಲಾಗೌಟ್ ಮಾಡಿದರೆ ಖಾಲಿಯಾಗುತ್ತದೆ, ಇಬ್ಬರೂ ಮಾಡಿರಲಿಲ್ಲ. ಎಷ್ಟು ಸಾಲು ಉಳಿಯಬೇಕೆಂಬ ಮಿತಿ ತೆಗೆದವಳು ತಾನೇ! "ಹಳೇ ಸಾಲು ಕಾಣೋ ಹಾಗೆ ಮಾಡಮ್ಮ" ಎಂದು ಅತ್ತೆ ಕೇಳಿದ್ದರು. ಬಾಯಿಬಿಟ್ಟು ಕೇಳಿದ್ದೇ ಹೆಚ್ಚೆಂದು ಮಿತಿಯನ್ನೇ ಕಿತ್ತುಹಾಕಿದ್ದಳು.

ಸಾಲುಗಳನ್ನು ತೆರೆದಳು. ಔಷಧಿಯ ಹೆಸರು ಹಾಕುವ ಜಾಗದಲ್ಲಿ ಅತ್ತೆ ಬರೆದಿದ್ದರು: "ಕೇಳದೆ ಕೊಡೋಕೆ ಅದೇನು ನಿಮ್ಮಪ್ಪನ ಮನೆ ಗಂಟಾ?" ಕಂಪ್ಯೂಟರಿನ ಉತ್ತರ: "ಈ ಔಷಧಿ ದಾಸ್ತಾನಿನಲ್ಲಿಲ್ಲ." ಕೆಳಗೆ ಮಾವ: "ತಪ್ಪಾಯ್ತು ಕಣೇ." ಮತ್ತೆ: "ಈ ಔಷಧಿ ದಾಸ್ತಾನಿನಲ್ಲಿಲ್ಲ."

ಮಾತ್ರೆಗಳ ಪಟ್ಟಿಗಳ ನಡುವೆ ಮೂರು ವಾರವೂ ಇದೇ ಜಗಳ. ಮಾವ ಎರಡಕ್ಕೆ ಪಾಳಿಗೆ ಬಂದವರೇ ಮೊದಲ ಸಾಲಿನಿಂದ ಓದಲು ಕೂರುತ್ತಿದ್ದರು. ಅಷ್ಟನ್ನೂ ಒಟ್ಟಿಗೆ ಎತ್ತಲಾರದೆ ಸರ್ವರ್ ಕುಸಿಯುತ್ತಿತ್ತು. ಸೊಸೆಗೆ ನಗುವೂ ಬಂತು, ಇಬ್ಬರ ಮೇಲೂ ಮುದ್ದೂ ಬಂತು.

ಎರಡಕ್ಕೆ ಹತ್ತು ನಿಮಿಷವಿತ್ತು. ಪಾಳಿ ಬದಲಾಗುವ ಹೊತ್ತಾದ್ದರಿಂದ ಇಬ್ಬರೂ ಕೌಂಟರಿನಲ್ಲಿದ್ದರು, ಒಂದು ಮುಖ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ.

"ಅತ್ತೆ, ಮಾವ, ಹಳೇದೆಲ್ಲ ಅಳಿಸ್ಲೇಬೇಕು."

"ಒಂದು ನಕಲು ಇಟ್ಕೊಳ್ಳಮ್ಮ," ಎಂದರು ಅತ್ತೆ.

"ರೋಗಿಗಳ ಹೆಸರೂ ಅದ್ರಲ್ಲೇ ಇದೆ ಅತ್ತೆ. ನಕಲು ಮಾಡೋ ಹಾಗಿಲ್ಲ."

ಅತ್ತೆಯ ಮುಖ ಸಣ್ಣದಾಯಿತು. ಆದರೂ ಸೊಸೆ ಮತ್ತೆ ಮಿತಿ ಹಾಕಿ, ಅಳಿಸುವ ಗುಂಡಿ ಒತ್ತಿದಳು. ಎರಡು ಗಂಟೆ ದಾಟಿತು, ಸರ್ವರ್ ಅಲುಗಲಿಲ್ಲ.

ಮಾವ ಖಾಲಿ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನೇರವಾಗಿ ಅತ್ತೆಯನ್ನೇ ಕೇಳಿದರು: "ಇವತ್ತಿಂದು ನಾನಿನ್ನೂ ಓದಿರ್ಲಿಲ್ಲ. ಏನು ಬರ್ದಿದ್ದೆ?"

ಅತ್ತೆ ಕೈಚೀಲವನ್ನು ಹೆಗಲಿಗೇರಿಸಿದರು, ಇಳಿಸಿದರು.

"ರಾತ್ರಿ ಊಟಕ್ಕೆ ಕಾದಿರ್ತೀನಿ, ಬೇಗ ಬನ್ನಿ ಅಂತ ಬರ್ದಿದ್ದೆ."

ಸೊಸೆ ಓದಿದ್ದ ಇವತ್ತಿನ ಸಾಲು 'ಹೊಲಿಗೆ ಯಂತ್ರ ವಾಪಸ್ ಬರೋವರೆಗೂ ಮಾತಿಲ್ಲ' ಎಂದಿತ್ತು.