ಅಬ್ರಹಾಮನ ಪಾಠ ಹೇಳಿದ ದಿನ

"ಯವ್ವಾ, ಒಳಗ ಯಾರದೀರಿ?"

ಕೋಳಿ ಸಾರು ಕೈಯಾಡಿಸುತ್ತಿದ್ದ ಜೀವರತ್ನಮ್ಮ, ಅಯ್ಯನವರು ಬಂದೇಬಿಟ್ಟರೆಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಕೂಡ್ಲಿಗಿ ಸಭೆಗೆ ಹೊಸದಾಗಿ ಬಂದಿದ್ದ ಪಾದ್ರಿ ಅಯ್ಯನವರು, ಹರಪನಹಳ್ಳಿಯ ಆರಾಧನೆ ಮುಗಿಸಿ ಹೆಂಡತಿಯೊಡನೆ ಮೊದಲ ಸಲ ಅವಳ ಮನೆಗೆ ಊಟಕ್ಕೆ ಬರುವವರಿದ್ದರು. ಆದರೆ ಬಾಗಿಲಲ್ಲಿ ನಿಂತಿದ್ದವರು ಬೇರೆ ಯಾರೋ. ನಡುವಯಸ್ಸಿನ ಒಬ್ಬ ಹೆಂಗಸು, ಅವಳ ಹೆಗಲಿಗೆ ಮೈಯೆಲ್ಲ ಒರಗಿಸಿ ನಿಂತ ಗಂಡಸು.

"ಬಸ್ಸು ರಸ್ತಿಯಾಗ ಕೆಟ್ಟು ನಿಂತೈತ್ರಿ. ನಡಕೋಂತ ಬಂದ್ವಿ. ಇವ್ರಿಗೆ ಬಿಸಿಲು ಬಡದೈತಿ. ಪಡಸಾಲ್ಯಾಗ ಒಂದೀಟು ಅಡ್ಡಾಗ್ಲಿ, ತಂಪೊತ್ತಾತಂದ್ರ ಹೋಗ್ತೀವಿ."

ಜೀವರತ್ನಮ್ಮ ಪಡಸಾಲೆಯ ಕಡೆ ತಿರುಗಿ ನೋಡಿದಳು. ತೊಳೆದು ಒರೆಸಿದ ಬಂಡೆಗಳು, ಪಕ್ಕದ ಮನೆಯಿಂದ ಕೇಳಿ ತಂದ ಕುರ್ಚಿಗಳು, ಹೊಸ ಜಮಖಾನ. ಗಂಡಸಿನ ಅಂಗಿಯ ಮೇಲೆ ವಾಂತಿಯ ಕಲೆಯಿತ್ತು.

ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಅರ್ಧ ಕುಡಿದು ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ.

"ನಮ್ಮನಿಗೆ ದೊಡ್ಡೋರು ಬರೋರದಾರವ್ವಾ. ಬಸ್‌ಸ್ಟ್ಯಾಂಡ್ ಇಲ್ಲೇ ಐತಿ, ಅಲ್ಲಿ ನೆರಳೈತಿ. ಹೋಗ್ರಿ."

ಹೆಂಗಸು "ಆತ್ರಿ" ಎಂದು ಗಂಡನ ಸೊಂಟಕ್ಕೆ ಕೈಹಾಕಿ ಹೊರಟಳು. ಸಾರು ತಳ ಹಿಡಿದೀತೆಂದು ಜೀವರತ್ನಮ್ಮ ಒಳಗೆ ಹೋದಳು.

ಅಯ್ಯನವರು ಬಂದದ್ದು ತಡವಾಗಿ. ಅಲ್ಲಿಯವರೆಗೂ ಪಡಸಾಲೆ ಖಾಲಿಯೇ ಇತ್ತು.

ಊಟಕ್ಕೆ ಕೂತಾಗ ಅಯ್ಯನವರ ಹೆಂಡತಿ ರೊಟ್ಟಿ ಮುರಿಯುತ್ತ, "ದಾರ್ಯಾಗ ನಮ್ಮ ಸಭೆಯ ಜಂಬಮ್ಮ ಸಿಕ್ಕಿದ್ಳು. ಬೆಳಿಗ್ಗೆ ನೀವು ಅಬ್ರಹಾಮನ ಪಾಠ ಹೇಳಿದ್ದಕ್ಕ ಕಣ್ಣಾಗ ನೀರು ಬಂತಂದ್ಳು. ನಮಗೂ ಒಂದೀಟು ಹೇಳ್ರಿ" ಎಂದರು.

ಜೀವರತ್ನಮ್ಮ ನಾಚಿದಳು. ವರ್ಷಗಟ್ಟಲೆ ಮಕ್ಕಳಿಗೂ ಹೆಂಗಸರಿಗೂ ಹೇಳಿಕೊಂಡು ಬಂದ ಪಾಠ, ತಾನಾಗಿಯೇ ಬಾಯಿಗೆ ಬಂತು.

"ಮಟಮಟ ಮಧ್ಯಾಹ್ನ. ಬಿಸಿಲಂದ್ರ ಬಿಸಿಲು. ಅಬ್ರಹಾಮ ಗುಡಾರದ ಬಾಗಿಲಾಗ ಕುಂತಾನ. ತಲಿ ಎತ್ತಿ ನೋಡ್ತಾನ, ಗುರುತಿಲ್ಲದ ಮೂರು ಮಂದಿ ನಿಂತಾರ. ಎದ್ದು ಓಡಿಹೋಗಿ, ಕಾಲಿಗೆ ನೀರು ಕೊಟ್ಟು, ನೆರಳಾಗ ಕುಂದರ್ರಿ ಅಂತ..."

ಅಲ್ಲಿಗೆ ಮಾತು ನಿಂತಿತು. ಅಯ್ಯನವರು ತಲೆಯೆತ್ತಿದರು. ಮಜ್ಜಿಗೆ ತರುವ ನೆಪದಲ್ಲಿ ಅವಳು ಒಳಗೆ ಹೋದವಳು, ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಅವರಿರಲಿಲ್ಲ. ರಸ್ತೆಯಾಚೆ ಲಾರಿ ರಿಪೇರಿ ಮಾಡುವ ಹಸನ್ ಸಾಬ್ ಎಸ್‌ಟಿಡಿ ಬೂತಿನಿಂದ ಹೊರಬರುತ್ತಿದ್ದ. ಗಂಡ ಹೆಂಡತಿ ಇಬ್ಬರು ಇತ್ತ ಬಂದರೇ ಎಂದು ಕೇಳಿದಳು.

"ಅವ್ರ ಯಜಮಾನ್ರು ನನ್ನ ಗ್ಯಾರೇಜ್ ಮುಂದನ ಬಿದ್ದುಬಿಟ್ರವ್ವಾ. ಜೀಪಿನಾಗ ಹಾಕ್ಕೊಂಡು ಆಸ್ಪತ್ರಿಗೆ ಒಯ್ದೆ. ಉಳೀಲಿಲ್ಲ." ಅವನು ದನಿ ತಗ್ಗಿಸಿದ. "ಹೆಣ ಕೊಡಾಕ ಸಂಜಿ ಆಗತೈತಂತ. ಈಗ ಅವ್ರ ಊರಿಗೆ ಫೋನ್ ಹಚ್ಚಿದ್ದೆ. ಆ ಹೆಣ್ಮಗಳು ನಮ್ಮ ಮನ್ಯಾಗ ಅದಾಳ, ಶರೀಫಾನ ಕೂಡ."

ತನ್ನ ಬಾಗಿಲಿಗೆ ಬಂದದ್ದನ್ನು ಆಕೆ ಹೇಳಿರಬಹುದೆ? ಅವನ ಮನೆಯ ದಾರಿಯುದ್ದಕ್ಕೂ ಅದೇ ಯೋಚನೆ. ಸತ್ತವನಿಗಾಗಿ ಅಲ್ಲ, ತನ್ನ ಹೆಸರಿಗಾಗಿ ಹೆದರುತ್ತಿದ್ದೇನೆಂದು ಹೊಳೆದಾಗ ಜೀವರತ್ನಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಸನ್ ಸಾಬನ ಮನೆಯ ನಡುವೆ ಚಾಪೆಯ ಮೇಲೆ ಆ ಹೆಂಗಸು ಕೂತಿದ್ದಳು. ಹಸನ್ ಸಾಬನ ಹೆಂಡತಿ ಶರೀಫಾ ಬೀ, "ಅತ್ತುಬಿಡು ಹುಲುಗಮ್ಮ, ಅತ್ತುಬಿಡು" ಎನ್ನುತ್ತ ಅವಳ ಬೆನ್ನು ಸವರುತ್ತಿದ್ದಳು. ಜೀವರತ್ನಮ್ಮ ಹೊಸ್ತಿಲಾಚೆಯೇ ನಿಂತಳು.

ಹುಲುಗಮ್ಮ ತಲೆಯೆತ್ತಿ ಗುರುತು ಹಿಡಿದಳು.

"ಆಗ ಹೇಳಿದ್ನಲ್ಲ, ಇವ್ರ ನೋಡ್ರಿ" ಎಂದಳು ಶರೀಫಾ ಬೀಗೆ. "ಕೇಳೂದ್ರಾಗ ನೀರು ತಂದುಕೊಟ್ರು. ನಮ್ಮನಿಯಾರು ಕಡೀಕ ಕುಡದದ್ದು ಇವ್ರ ಕೈನೀರ."

ಜೀವರತ್ನಮ್ಮ ರೊಟ್ಟಿಯ ಗಂಟನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಬಿಸಿಲಾಗ ಯಾಕ ನಿಂತೀರಿ ಅಮ್ಮಾರ? ಒಳಗ ಬರ್ರಿ." ಹುಲುಗಮ್ಮ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. "ಕುಂದರ್ರಿ."

ಅವಳು ಸರಿದ ಕಡೆ ಚಾಪೆ ಒಬ್ಬರು ಕೂರುವಷ್ಟು ಖಾಲಿಯಿತ್ತು.