ಹಳ್ಳದ ಆಚೆಯ ಲೆಕ್ಕ

"ಇದಕ್ಕೆ ಯಾರ್ ಹೇಳಿದ್ದು? ಅದ್ ಹೇಳಿ ಮೊದ್ಲು. ನಮ್ ಹೊಲ ಎಲ್ಲೈತೆ ಅಂತ ಈ ಹಲಗೆಗೆ ಯಾರ್ ಹೇಳಿದ್ದು?"

ಸಣ್ಣಸ್ವಾಮಿ ಮಗಳ ಬೆಂಚಿನಿಂದ ಎತ್ತಿದ ಟ್ಯಾಬನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸೀಮೆಸುಣ್ಣದ ಡಬ್ಬಿ ಉರುಳಿ ನೆಲಕ್ಕೆ ಬಿತ್ತು. ಏಳನೇ ತರಗತಿಯ ಮಕ್ಕಳು ಬಿಸಿಯೂಟಕ್ಕೆ ಹೋಗಿದ್ದರು. ಕೋಣೆಯಲ್ಲಿ ಅವನೂ ಗಣಿತದ ಅತಿಥಿ ಶಿಕ್ಷಕಿ ಶೋಭಿತಾಳೂ ಬಿಟ್ಟರೆ, ಕೂಗಾಟ ಕೇಳಿ ಎಂಜಲು ಕೈಯಲ್ಲೇ ಎದ್ದು ಬಂದ ಹೆಡ್‌ಮಾಸ್ಟರ್ ಚನ್ನಮಲ್ಲಪ್ಪನವರು ಮಾತ್ರ ಇದ್ದರು.

"ಮೆಲ್ಲ ಇಡಿ ಅಣ್ಣ. ಒಡೆದರೆ ಅವರು ಇನ್ನೊಂದು ಕೊಡುವುದಿಲ್ಲ," ಎಂದಳು ಶೋಭಿತಾ.

"ಅವ್ರು ಅಂದ್ರೆ?"

"ಶಾಲೆಗೆ ಟ್ಯಾಬು ಕೊಟ್ಟ ಕಂಪೆನಿಯವರು."

"ಅದೇ ನಾನ್ ಕೇಳ್ತಿರೋದು. ಯಾವನವನು ಕಂಪೆನಿಯೋನು? ಅವನಿಗ್ಯಾಕೆ ನನ್ ಹೊಲದ ಲೆಕ್ಕ? ಓದಿ. ನೀವೇ ಓದಿ, ಮೇಷ್ಟ್ರೂ ಕೇಳ್ಲಿ."

ಶೋಭಿತಾ ಟ್ಯಾಬನ್ನು ಎತ್ತಿಕೊಂಡು, ಗಾಜು ಸೀಳಿದೆಯೇ ಎಂದು ಒಮ್ಮೆ ಸವರಿ ನೋಡಿ, ಪಾಠ ಓದುವ ದನಿಯಲ್ಲೇ ಓದಿದಳು: "ಕಾವ್ಯಶ್ರೀಯ ಮನೆಯವರು ಮೂರು ಎಕರೆಯಲ್ಲಿ ಜೋಳ ಹಾಕಿದ್ದಾರೆ. ಹಳ್ಳದ ಆಚೆ ಎರಡು ಎಕರೆಯಲ್ಲಿ ಶುಂಠಿ ಹಾಕಿದ್ದಾರೆ. ಅವರು ಮಾಡುವ ಒಟ್ಟು ಜಮೀನಿನಲ್ಲಿ ಹಳ್ಳದ ಆಚೆಯದು ಎಷ್ಟು ಭಾಗ?"

ಓದಿ ಮುಗಿಸಿ ತಲೆ ಎತ್ತಿದಳು. "ಐದರಲ್ಲಿ ಎರಡು ಭಾಗ. ನಿಮ್ಮ ಮಗಳು ಸರಿಯಾಗಿ ಮಾಡಿದ್ದಾಳೆ. ಇದರಲ್ಲಿ ಎಂತ ತಪ್ಪುಂಟು?"

"ಎಂತ ತಪ್ಪುಂಟಂತೆ! ಹಳ್ಳದ ಆಚೆ ಅಂದ್ರೆ ಅದು..." ಎಂದವನು ಅಲ್ಲಿಗೇ ಬಾಯಿ ಮುಚ್ಚಿದ. ಆ ಮಾತನ್ನು ಕೊನೆಯವರೆಗೆ ಆಡುವ ಅಭ್ಯಾಸ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಅದು ಹಾಸನದ ಕಡೆಯಿಂದ ಬಂದು, ಕುಶಾಲನಗರದ ಹತ್ತಿರ ಕಾಡಿನ ಅಂಚಿಗೆ ನೆಲೆ ನಿಂತ ಒಕ್ಕಲುಗಳ ಊರು. ಹಳ್ಳದ ಈಚೆಯ ಜಮೀನಿಗೆ ಎಲ್ಲರಲ್ಲೂ ಪಹಣಿ ಇತ್ತು. ಆಚೆಯದು ಪೈಸಾರಿ, ಅಂದರೆ ಸರ್ಕಾರದ್ದು. ಅರಣ್ಯದವರು ಅದು ಕಾಡಿಗೆ ಸೇರಿದ್ದು ಎನ್ನುತ್ತಿದ್ದರು. ಊರಿನವರು ಏನನ್ನೂ ಅನ್ನದೆ ಉಳುತ್ತಿದ್ದರು. ಪ್ರತಿ ಮನೆಗೂ ಅಲ್ಲಿ ಒಂದಿಷ್ಟಿತ್ತು, ಯಾರದು ಎಷ್ಟು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಣ್ಣು ಕೊಡುವ ಮಾತಿಗೆ ಬಂದ ಬೀಗರ ಮುಂದೆ ಕೂಡ ಈಚೆಯದನ್ನಷ್ಟೇ ಹೇಳುವುದು. ಆಮೇಲೆ ಕೈಕಾಲು ತೊಳೆಯುವ ನೆಪದಲ್ಲಿ ಅವರನ್ನು ಹಳ್ಳದವರೆಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲುವುದು. ಬೀಗರು ಆಚೆ ಕಣ್ಣು ಹಾಯಿಸಿ, ಮನಸ್ಸಿನಲ್ಲೇ ಅಳೆದು, "ನೀರು ತಣ್ಣಗದೆ" ಎನ್ನುತ್ತಿದ್ದರು. ಸಂಬಂಧ ಕುದುರಿತೆಂದು ಅದರಿಂದಲೇ ತಿಳಿಯಬೇಕು. ಸಣ್ಣಸ್ವಾಮಿಗೆ ನಿಂಗಮ್ಮ ಸಿಕ್ಕಿದ್ದೂ ಹಾಗೆಯೇ.

ಈಚೆಯ ಜೋಳದಲ್ಲಿ ಹೊಟ್ಟೆ ತುಂಬುತ್ತಿತ್ತು, ಅಷ್ಟೆ. ಸಂಸಾರ ನಡೆಯುತ್ತಿದ್ದುದು ಆಚೆಯ ಶುಂಠಿಯಿಂದ. ಅದೊಂದು ಹೋದರೆ ನಾಳೆಯೇ ಯಾವುದಾದರೂ ಕಾಫಿ ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಮುಂದೆ ಗಂಡ ಹೆಂಡತಿ ಇಬ್ಬರೂ ಕೆಲಸ ಕೇಳಿ ನಿಲ್ಲಬೇಕಾಗುತ್ತಿತ್ತು.

ಹೀಗಿರುವಾಗ ಆ ದಿನ ಮಧ್ಯಾಹ್ನ ಟೀ ಅಂಗಡಿಯಲ್ಲಿ ಪಕ್ಕದ ಹೊಲದ ನಂದೀಶ, ಹತ್ತು ಜನರ ಮುಂದೆ, "ಬಾರಣ್ಣ ಐದ್ರಲ್ಲಿ ಎರಡು, ಕೂತ್ಕೊ," ಎಂದಿದ್ದ. ಎಲ್ಲರೂ ನಕ್ಕರು. ಸಣ್ಣಸ್ವಾಮಿಗೆ ತಲೆಬುಡ ಗೊತ್ತಾಗಲಿಲ್ಲ. ಕೇಳಿದ ಮೇಲೆ ನಂದೀಶ ಹೇಳಿದ: ಟ್ಯಾಬು ಒಂದು ಮಗುವಿನ ಮನೆಯ ಲೆಕ್ಕವನ್ನು ಇನ್ನೊಂದು ಮಗುವಿಗೂ ಕೊಡುತ್ತದಂತೆ. ಅವನ ಮಗಳು ರಂಜಿತಾ ಹಿಂದಿನ ಸಂಜೆ ಕಾವ್ಯಶ್ರೀಯ ಮನೆಯ ಹೊಲವನ್ನೆಲ್ಲ ಭಾಗ ಮಾಡುತ್ತ ಕೂತಿದ್ದಳಂತೆ.

ನಗೆಯಲ್ಲಿ ಹೋಗಿಬಿಡುತ್ತಿದ್ದ ಮಾತೇ ಅದು. ಆದರೆ ಹೋದ ವಾರ ಅರಣ್ಯದ ಗಾರ್ಡುಗಳು ಹಳ್ಳದ ದಂಡೆಯುದ್ದಕ್ಕೂ ಕೈಯಲ್ಲಿ ಮೊಬೈಲ್ ಹಿಡಿದು ನಡೆದುಹೋಗಿದ್ದರು. ಇಷ್ಟು ವರ್ಷ ಬಾರದವರು, ಶಾಲೆಗೆ ಟ್ಯಾಬು ಬಂದ ಮೇಲೇ ಯಾಕೆ ಬಂದರು? ಸಣ್ಣಸ್ವಾಮಿ ಟೀ ಕುಡಿಯದೆ ಎದ್ದು ನೇರ ಶಾಲೆಗೆ ಬಂದಿದ್ದ. ಗಾರ್ಡುಗಳ ಮಾತನ್ನೇ ಈಗ ಮೇಷ್ಟ್ರ ಮುಂದೆ ಎತ್ತಿದ.

"ಸ್ವಾಮಣ್ಣ, ಗಾರ್ಡುಗಳು ಬಂದಿದ್ದು ಆನೆ ಕಂದಕ ಎಲ್ಲೆಲ್ಲಿ ಕುಸಿದಿದೆ ಅಂತ ನೋಡೋಕೆ," ಎಂದರು ಚನ್ನಮಲ್ಲಪ್ಪ.

"ಹಂಗಂತ ನಿಮಗ್ ಹೇಳಿದೋರು ಯಾರು?"

"ಅವರೇ ಹೇಳಿದರು."

"ಅವ್ರು ಇನ್ನೇನಂತಾರೆ ಮತ್ತೆ? ನಿನ್ನ ಶುಂಠಿ ಕೀಳೋಕೆ ಬಂದಿವಿ ಅಂತ ಡಂಗುರ ಹೊಡೆಸ್ತಾರಾ?" ಅವನು ಶೋಭಿತಾಳ ಕಡೆ ತಿರುಗಿದ. "ಮಕ್ಕಳು ಇದರೊಳಗೆ ಒತ್ತಿದ್ದು ಎಲ್ಲಿಗ್ ಹೋಯ್ತದೆ?"

"ಸರ್ವರ್‌ಗೆ."

"ಎಲ್ಲೈತೆ ಅದು?"

"ನನಗೆ ಗೊತ್ತಿಲ್ಲ ಅಣ್ಣ."

ಬೇರೆ ಯಾರಾದರೂ ಬೆಂಗಳೂರು, ಹೈದರಾಬಾದು ಎಂದು ಏನಾದರೊಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ಮಾತ್ರ ಅವನ ತಲೆಯೊಳಗೆ ಹೋಗಿ ಕೂತಿತು. ಓದಿದವಳಿಗೆ ಗೊತ್ತಿಲ್ಲ ಅಂದರೇನು? ಹೇಳಬಾರದು ಅಂತ ಹೇಳಿಸಿಕೊಂಡು ಬಂದಿದ್ದಾಳೆ.

ಸಂಜೆ ಮನೆಯಲ್ಲಿ ಅವನು ಮಗಳನ್ನು ಎದುರಿಗೆ ಕೂರಿಸಿಕೊಂಡ. ನಿಂಗಮ್ಮ ಆಗಲೇ ತನ್ನ ಕೆಲಸ ಮುಗಿಸಿದ್ದಳು. ಟ್ಯಾಬಿನ ಕ್ಯಾಮರಾ ಕಣ್ಣಿನ ಮೇಲೆ ತನ್ನದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, "ಇನ್ ನೋಡ್ಲಿ ಬುಡು ಅದೇನ್ ನೋಡ್ತದೋ," ಎಂದು ಒಲೆಯ ಕಡೆ ಹೋಗಿದ್ದಳು.

"ಇದಕ್ಕೆ ಏನೇನ್ ಹೇಳಿದ್ದೀಯ?"

"ಅದು ಕೇಳಿದ್ದು ಹೇಳಿದೆ. ನಿಮ್ಮ ಮನೇಲಿ ಎಷ್ಟ್ ಜನ, ಏನ್ ಬೆಳೀತೀರ, ಹಸು ಎಷ್ಟು, ಅಂತ ಕೇಳ್ತದೆ ಅಪ್ಪ. ಆಮೇಲೆ ಅದರಲ್ಲೇ ಲೆಕ್ಕ ಮಾಡಿ ಕೊಡ್ತದೆ."

"ಯಾಕಂತೆ?"

"ಅರ್ಥ ಆಗ್ಲಿ ಅಂತ."

ಸುಳ್ಳೇನಲ್ಲ. ಹೋದ ವರ್ಷದವರೆಗೆ ಕಾವ್ಯಶ್ರೀಗೆ ಕೂಡು, ಕಳೆ ಎಂದು ನೇರವಾಗಿ ಕೊಟ್ಟರೆ ಸರಿ. ಅದನ್ನೇ ಒಂದು ಕಥೆ ಮಾಡಿ ಕೇಳಿದರೆ ಕಣ್ಣಲ್ಲಿ ನೀರು. ತೊಟ್ಟಿಗೆ ಎರಡು ನಲ್ಲಿಯಲ್ಲಿ ನೀರು ಬರುತ್ತದೆ, ಮೂರನೆಯದರಲ್ಲಿ ಹೋಗುತ್ತದೆ ಎಂದರೆ, "ಹೋಗೋ ನಲ್ಲಿ ಯಾಕ್ ಮುಚ್ಚಲ್ಲ ಅಪ್ಪ?" ಎಂದು ಕೇಳುತ್ತಿದ್ದಳು. ಸಣ್ಣಸ್ವಾಮಿಗೂ ಅದು ಸರಿಯಾದ ಪ್ರಶ್ನೆ ಅನ್ನಿಸುತ್ತಿತ್ತು. ಈಗ ಹಾಗಿರಲಿಲ್ಲ. ಬೆಳಿಗ್ಗೆ ಹಾಲು ಕರೆಯುವಾಗ ತಾನೇ ಒಂದು ಲೆಕ್ಕ ಕಟ್ಟಿ ಅವ್ವನನ್ನು ಕೇಳುತ್ತಿದ್ದಳು. ನಿಂಗಮ್ಮ ಉತ್ತರ ಬಾರದೆ ಬೈಯುತ್ತಿದ್ದಳು.

"ಈಗ ಬದಲಾಯ್ಸು," ಎಂದ ಅಪ್ಪ. "ಹಳ್ಳದ ಆಚೆ ನಮಗೇನೂ ಇಲ್ಲ ಅಂತ ಒತ್ತು. ಹಸುನೂ ಇಲ್ಲ ಅನ್ನು."

"ಗೌರಿ ಇದಾಳಲ್ಲ?"

"ಇಲ್ಲ ಅನ್ನು ಅಂದೆ."

"ಟೀಚರ್ ಸುಳ್ ಹೇಳ್ಬಾರ್ದು ಅಂದವ್ರೆ."

"ಟೀಚರ್ ಹಂಗನ್ನದೆ ಇನ್ನೇನಂತಾಳೆ? ಅವಳಿಗೆ ಬೇಕಾಗಿರೋದೇ ನಿಜ. ಒತ್ತೇ ಅಂದ್ರೆ!"

ಕಾವ್ಯಶ್ರೀ ಒತ್ತಿದಳು. ಒಂದೊಂದು ಒತ್ತಿಗೂ ಅಪ್ಪನ ಮುಖ ನೋಡಿದಳು. ಕೊಟ್ಟಿಗೆಯಲ್ಲಿ ಗೌರಿ ಆಗಲೇ ಕೂಗಿದ್ದು ಕೇಳಿ ನಿಂಗಮ್ಮ ಒಲೆಯ ಹತ್ತಿರ ಒಬ್ಬಳೇ ನಕ್ಕಳು.

ಮಾರನೆಯ ದಿನ ಸಣ್ಣಸ್ವಾಮಿ ಮನೆಮನೆಗೆ ಹೋದ. ಇವತ್ತು ನನ್ನದು, ನಾಳೆ ನಿಮ್ಮದು, ಎಂದ. ಮೊದಲು ನಕ್ಕವರೂ ಗಾರ್ಡುಗಳ ಮಾತು ಬಂದಾಗ ಗಂಭೀರರಾದರು. ನಂದೀಶನೇ ಎಲ್ಲರಿಗಿಂತ ಮೊದಲು ರಂಜಿತಾಳನ್ನು ಕೂರಿಸಿಕೊಂಡು ಮನೆಯ ಕೋಳಿಗಳನ್ನೂ ಬಿಡದೆ ಅಳಿಸಿ ಹಾಕಿಸಿದ. ವಾರದೊಳಗೆ ಆ ಟ್ಯಾಬುಗಳ ಪ್ರಕಾರ ಊರಿನಲ್ಲಿ ಯಾರಿಗೂ ಗೇಣು ನೆಲವಿರಲಿಲ್ಲ, ಯಾರ ಕೊಟ್ಟಿಗೆಯಲ್ಲೂ ಬಾಲವಿರಲಿಲ್ಲ.

ಶನಿವಾರ ಹೆಡ್‌ಮಾಸ್ಟರು ಪೋಷಕರ ಸಭೆ ಕರೆದರು. ಬೆಂಚುಗಳ ಮೇಲೆ ಮೊಣಕಾಲು ಮಡಿಸಿಕೊಂಡು ಎಲ್ಲರೂ ಕೂತರು. ಮಕ್ಕಳು ಕಿಟಕಿಯ ಆಚೆ ನಿಂತಿದ್ದರು. ಶೋಭಿತಾ ಒಂದು ಟ್ಯಾಬು ಹಿಡಿದು ಎದ್ದು ನಿಂತಳು.

"ಒಂದು ಲೆಕ್ಕ ಓದುತ್ತೇನೆ, ಕೇಳಿ. ರಂಜಿತಾಳ ಮನೆಯಲ್ಲಿ ಸೊನ್ನೆ ಕೋಳಿಗಳಿವೆ. ಒಂದೊಂದು ಕೋಳಿ ವಾರಕ್ಕೆ ಐದು ಮೊಟ್ಟೆ ಇಟ್ಟರೆ, ಒಟ್ಟು ಎಷ್ಟು ಮೊಟ್ಟೆ?"

ಯಾರೋ ಕಿಸಕ್ಕೆಂದರು, ಇಡೀ ಕೋಣೆ ನಕ್ಕಿತು. "ನಂದೀಶಣ್ಣ, ನಿನ್ನೆ ನಮ್ಮನೆ ಅಂಗಳ ಕೆದಕಿದ್ದು ಯಾರ ಕೋಳಿ ಹಂಗಾರೆ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಸಣ್ಣಸ್ವಾಮಿಯ ತುಟಿಯೂ ಅಲುಗಿತು. ಅವನು ಮೀಸೆ ಒರೆಸಿಕೊಂಡ.

"ನಗುವುದಲ್ಲ," ಎಂದಳು ಶೋಭಿತಾ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. "ಈಗ ಎಲ್ಲ ಲೆಕ್ಕಕ್ಕೂ ಸೊನ್ನೆಯೇ ಉತ್ತರ. ಮಕ್ಕಳು ಓದುವುದೇ ಇಲ್ಲ, ಸೊನ್ನೆ ಒತ್ತಿ ಮುಂದೆ ಹೋಗುತ್ತಾರೆ. ನಾಲ್ಕು ತಿಂಗಳು ಕಲಿತದ್ದು ಹೋಯಿತು. ನೀವು ಹೆದರಿದ್ದು ನನಗೆ ಅರ್ಥ ಆಗುತ್ತದೆ. ಒಂದು ಕೆಲಸ ಮಾಡುವ. ಮಕ್ಕಳ ಹೆಸರು ತೆಗೆಯುತ್ತೇನೆ, ಊರಿನ ಹೆಸರು ತೆಗೆಯುತ್ತೇನೆ. ಅವರು ಇಲ್ಲದ ಮನೆ, ಇಲ್ಲದ ಹೊಲ ಕಟ್ಟಿಕೊಂಡು ಲೆಕ್ಕ ಮಾಡಲಿ. ಆಗಬಹುದಾ?"

ನಂದೀಶ ತಲೆಯಾಡಿಸಿದ. ಇನ್ನೂ ಒಬ್ಬಿಬ್ಬರು ಆಗಬಹುದು ಎಂದರು. ಚನ್ನಮಲ್ಲಪ್ಪನವರ ಮುಖ ಸಡಿಲವಾಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಸಣ್ಣಸ್ವಾಮಿ ಎದ್ದ. "ನಿಂತ್ಕೊಳಿ. ಈಗ ಹೆಸ್ರು ತೆಗೀತೀನಿ ಅಂದ್ರಿ. ಅಂದ್ರೆ ಇಷ್ಟ್ ದಿನ ಹೆಸ್ರು ಹೋಗ್ತಾ ಇತ್ತು. ಅಲ್ವಾ?"

"ಹೆಸರು ಇತ್ತು, ಹೌದು. ಆದರೆ..."

"ಕೇಳಿದ್ರಾ? ಇತ್ತು ಅಂತ ಅವರೇ ಒಪ್ಪಿದ್ರು." ಅವನು ಸುತ್ತ ನೋಡಿದ. ತಲೆಯಾಡಿಸಿದವರು ಆಡಿಸುವುದನ್ನು ನಿಲ್ಲಿಸಿದ್ದರು. "ನಮ್ಮನೇದೆಲ್ಲ ಕೇಳಿದ್ರಿ. ಈಗ ನಾನೊಂದ್ ಕೇಳ್ತೀನಿ. ನಿಮ್ಮೂರ್ ಯಾವ್ದು?"

"ಶ್ರೀಮಂಗಲದ ಹತ್ತಿರ."

"ನಿಮ್ಮಪ್ಪನಿಗೆ ಜಮೀನ್ ಎಷ್ಟು?"

"ಸ್ವಾಮಣ್ಣ, ಅದೆಲ್ಲ ಇಲ್ಲಿ ಬೇಡ," ಎಂದರು ಹೆಡ್‌ಮಾಸ್ಟರು.

"ಕೇಳಲಿ ಸರ್. ಇಲ್ಲ ಅಣ್ಣ, ನಮಗೆ ಜಮೀನಿಲ್ಲ. ಅಪ್ಪನ ಹೆಸರು ಮಾರ. ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಮನೆ. ನಾನು ಅಲ್ಲೇ ಹುಟ್ಟಿ ಬೆಳೆದದ್ದು. ನನ್ನ ತಾತ ಕಾಡಿನೊಳಗೆ ಇದ್ದವರು. ಅರಣ್ಯದವರು ಅಲ್ಲಿಂದ ಎಬ್ಬಿಸಿದ ಮೇಲೆ ಲೈನಿಗೆ ಬಂದರು."

ಸಣ್ಣಸ್ವಾಮಿ ಅಲ್ಲಿ ಕೂತುಬಿಟ್ಟಿದ್ದರೆ ಸಾಕಿತ್ತು. ಆದರೆ ಒಂದು ಸಲ ಬಿಸಿಯೇರಿದ ಮೇಲೆ ಅವನ ನಾಲಗೆಗೆ ಲಗಾಮು ಇರಲಿಲ್ಲ. ವಾರದಿಂದ ಹೊತ್ತು ತಿರುಗುತ್ತಿದ್ದ ಅನುಮಾನಕ್ಕೆ ಕಾರಣ ಸಿಕ್ಕಿದ ಹಾಗಾಗಿ ಅವನಿಗೆ ಖುಷಿಯೇ ಆಯಿತು.

"ಹಂಗನ್ನಿ ಮತ್ತೆ! ಅದೀಗ ಸರಿಹೋಯ್ತು. ನಿಮ್ಮನ್ನ ಎಬ್ಬಿಸಿದ್ರು, ಅದಕ್ಕೆ ನಮ್ಮನ್ನೂ ಎಬ್ಬಿಸ್ಬೇಕು. ಪಾಠ ಹೇಳೋಕಲ್ಲ ನೀವು ಬಂದಿರೋದು. ಹಳ್ಳದ ಆಚೆ ಪೈಸಾರಿ ಯಾರ್ ಯಾರದು ಅಂತ ಬರ್ಕೊಂಡ್ ಹೋಗಿ ಕೊಡೋಕೆ ಬಂದಿರೋದು!"

ಪೈಸಾರಿ ಎಂಬ ಮಾತನ್ನು, ಇಡೀ ಊರಿನ ಮುಂದೆ, ಶಾಲೆಯ ಕೋಣೆಯಲ್ಲಿ, ಮೊದಲ ಬಾರಿಗೆ ಆಡಿದವನು ಅವನೇ. ನಂದೀಶ ಅವನ ಪಂಚೆ ಹಿಡಿದು ಜಗ್ಗಿದ. "ಕೂತ್ಕೊಳೋ ಮಾರಾಯ, ಎಲ್ಲಾ ನೀನೇ ಹೇಳ್ತಾ ಇದೀಯಲ್ಲ."

ಶೋಭಿತಾ ಕೈಯಲ್ಲಿದ್ದ ಟ್ಯಾಬನ್ನು ಆರಿಸಿ ಮೇಜಿನ ಮೇಲೆ ಇಟ್ಟಳು, ಮೆಲ್ಲಗೆ. ಬೀರುವಿನ ಕೀಲಿಯನ್ನು ಹೆಡ್‌ಮಾಸ್ಟರ ಮುಂದಿಟ್ಟಳು. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಕೊಡೆ ಹುಡುಕಿ ತೆಗೆದುಕೊಂಡಳು.

"ಸೋಮವಾರ ಬರ್ತೀರಲ್ಲ ಶೋಭಿತಾ? ಇವನ ಮಾತು ಹಿಡ್ಕೋಬೇಡಿ. ಬಾಯಿ ಹಾಗೆ," ಎಂದರು ಚನ್ನಮಲ್ಲಪ್ಪ.

ಅವಳು ಬಾಗಿಲು ದಾಟಿದಳು. ಕಿಟಕಿಯ ಹತ್ತಿರ ಕಾವ್ಯಶ್ರೀ ನಿಂತಿದ್ದಳು. ಶೋಭಿತಾ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಅಂಗಳಕ್ಕೆ ಇಳಿದು ನಡೆದಳು.

ಸಣ್ಣಸ್ವಾಮಿ ಗೇಟಿನವರೆಗೆ ಹೋಗಿ ನಿಂತ. ಮುಂದೆ ರಸ್ತೆ ಕವಲೊಡೆಯುತ್ತಿತ್ತು. ಎಡಕ್ಕೆ ಹೋದರೆ ಅರಣ್ಯದವರ ಕ್ಯಾಂಪು, ಬಲಕ್ಕೆ ಹೋದರೆ ಬಸ್ಸು ನಿಲ್ಲುವ ಜಾಗ. ಅವನು ಗೇಟಿನ ಮೇಲೆ ಬಾಗಿ ನೋಡಿದ. ಅವಳು ಬಲಕ್ಕೆ ತಿರುಗಿದಳು.

"ಬಸ್ಸಿಗೆ ಹೋದ್ಲು ನೋಡು," ಎಂದ ಬೆನ್ನ ಹಿಂದೆ ಬಂದು ನಿಂತಿದ್ದ ನಂದೀಶ. "ಈಗ್ಲಾದ್ರೂ ಸಮಾಧಾನ ಆಯ್ತಾ ನಿಂಗೆ?"

"ಬಸ್ಸು ಪೇಟೆಗಲ್ವಾ ಹೋಗೋದು?" ಎಂದ ಸಣ್ಣಸ್ವಾಮಿ. "ಅರಣ್ಯದೋರ ದೊಡ್ಡಾಫೀಸು ಇರೋದು ಅಲ್ಲೇ."

ನಂದೀಶ ಅವನ ಮುಖವನ್ನೇ ನೋಡಿ ಹೊರಟುಹೋದ.

ಸೋಮವಾರ ಸಂಜೆ ಅವನು ಮಗಳನ್ನು ಕೇಳಿದ, "ಟೀಚರ್ ಬಂದಿದ್ರಾ?" ಇಲ್ಲ ಎಂದಳು ಕಾವ್ಯಶ್ರೀ. ಮಂಗಳವಾರವೂ ಕೇಳಿದ, ಇಲ್ಲ ಎಂದಳು. ಆಮೇಲೂ ಅವನು ಕೇಳುವುದನ್ನು ಬಿಡಲಿಲ್ಲ. ಅವಳು ಮಾತ್ರ ಚೀಲವನ್ನು ಮೊಳೆಗೆ ತಗುಲಿಸಿ, ಹಿತ್ತಲ ಕಡೆ ನಡೆದುಬಿಡುತ್ತಿದ್ದಳು. ಶೋಭಿತಾ ಮತ್ತೆ ಆ ಊರಿಗೆ ಬರಲಿಲ್ಲ.